ಕಿಯಾರಾ: ಬೆಳಕೋ ಕಪ್ಪೋ?

ಮಗುವಿಗೆ ಕಿಯಾರಾ ಅಂತ ಹೆಸರಿಡುತ್ತಿದ್ದೀರಿ, ಅದರ ಅರ್ಥ ಅತ್ತೆಗೆ ಏನಂತ ಹೇಳಲಿ ಅಂತ ಕೇಳಿದ್ದೀರಿ. ಒಂದು ಕಡೆ ‘ಬೆಳಕು’, ಇನ್ನೊಂದು ಕಡೆ ‘ಕಪ್ಪು’ ಅಂತ ಅರ್ಥ ಸಿಗುತ್ತಿರುವುದು ಎರಡು ಹೆಸರುಗಳು ಒಂದೇ ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ ಬೆರೆತಿದ್ದರಿಂದ. ಇಟಲಿಯದು ಲ್ಯಾಟಿನ್‌ನ ಕ್ಲಾರಾದಿಂದ ಬಂದದ್ದು: ತಿಳಿ, ಹೊಳಪು. ಉಚ್ಚಾರಣೆ ಕ್ಯಾರಾ. ಐರ್ಲೆಂಡಿನದು ಕೀರಾ, ಅಂದರೆ ಕಪ್ಪು. ಸಂಸ್ಕೃತ ಮೂಲ ಅಂತ ಬರೆದಿದ್ದರೆ ಸುಮ್ನೆ ಬಿಟ್ಟುಬಿಡಿ.

ಮೊದಲು ಮನೆಯಲ್ಲಿ ಹೇಗೆ ಕರೆಯುತ್ತೀರಿ ನೋಡಿ. ಕಿಯಾರಾ ಅಂತಲೇ ಆದರೆ ಇಟಲಿಯದಕ್ಕೆ ಜಾಸ್ತಿ ಹತ್ತಿರ, ಆದರೆ ಇದೇ ಮೂಲ ಅಂತ ಖಚಿತವಾಗಿ ಹೇಳಲಾಗದು. ಅತ್ತೆಗೆ ಬೆಳಕಿನ ಅರ್ಥವನ್ನೇ ಹೇಳಿ. (ಕಪ್ಪಾದರೇನು, ನಮ್ಮ ಎರೆ ಮಣ್ಣೂ ಕಪ್ಪೇ ಅಲ್ವಾ!)

ಆಮೇಲೆ ಕನ್ನಡ ಕಾಗುಣಿತ ಗಟ್ಟಿ ಮಾಡಿಕೊಂಡು, ಜನನ ನೋಂದಣಿಯಾದ ದಾವಣಗೆರೆ ಪಾಲಿಕೆ ಕಚೇರಿಗೆ ಹೋಗಿ. ನೋಂದಣಿಯಾದ 12 ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ. ಪ್ರಮಾಣಪತ್ರದಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಭಾಷೆಯ ಅಕ್ಷರ ಸರಿಯಿದೆಯೇ ಅಂತ ಅಲ್ಲೇ ಓದಿಕೊಳ್ಳಿ.