ಯುದ್ಧದ ನಡುವೆ ಓದುತ್ತಿರುವ ತಮ್ಮನಿಗೆ ಸಂಗೀತ ನೆರವಾಗುತ್ತದೆಯೇ?

ತಮ್ಮ ಉಕ್ರೇನಿನಲ್ಲಿ ವೈದ್ಯಕೀಯ ಓದುತ್ತಿದ್ದಾನೆ, ಸೈರನ್ ನಿಂತ ಮೇಲೂ ಅವನಿಗೆ ನಿದ್ದೆ ಹತ್ತುವುದಿಲ್ಲ, ಪುಸ್ತಕ ತೆರೆದರೆ ಒಂದಕ್ಷರವೂ ತಲೆಗೆ ಹೋಗುವುದಿಲ್ಲ, ಇಂಥ ಹೊತ್ತಿನಲ್ಲಿ ‘ಸಂಗೀತ ಕೇಳು’ ಎನ್ನುವುದು ಬರೀ ಬಾಯಿಮಾತಿನ ಸಮಾಧಾನವೇ ಎಂದು ಕೇಳಿದ್ದೀರಿ. ಅಲ್ಲ ಅಕ್ಕಾ, ಅದರಿಂದ ನಿಜಕ್ಕೂ ಪ್ರಯೋಜನವಿದೆ. ಆದರೆ ಯಾವ ಹೊತ್ತಿನಲ್ಲಿ, ಏನು ಕೇಳುತ್ತಾನೆ ಎಂಬುದು ಮುಖ್ಯ.

2022ರ ಫೆಬ್ರುವರಿ 24ರಂದು ರಷ್ಯಾದ ದಾಳಿ ಶುರುವಾದಾಗ ನಾನು ಉಕ್ರೇನಿನ ಹಾರ್ಕಿವ್ ನಗರದಲ್ಲಿ ಓದುತ್ತಿದ್ದೆ. ಹಾಸ್ಟೆಲ್ಲಿನ ನೆಲಮಾಳಿಗೆಯಲ್ಲಿ ಚಾರ್ಜ್ ಉಳಿಸಲು ಎಲ್ಲರೂ ಮೊಬೈಲ್ ಆಫ್ ಮಾಡಿ ಕುಳಿತಿರುತ್ತಿದ್ದೆವು. ದಾವಣಗೆರೆಯ ಸಹಪಾಠಿಯೊಬ್ಬಳ ಮೊಬೈಲಿನಲ್ಲಿ ಅವಳ ಅಮ್ಮ ಅಡುಗೆ ಮಾಡುತ್ತಾ ಹಾಡಿದ್ದ ದೇವರನಾಮವೊಂದಿತ್ತು. ಒಂದೇ ಇಯರ್‌ಫೋನನ್ನು ಹಂಚಿಕೊಂಡು ಕೇಳುತ್ತಿದ್ದೆವು. ಹಾಡಿನ ನಡುವೆ ಕುಕ್ಕರ್ ಕೂಗುತ್ತಿತ್ತು. ಮೊದಲ ಸಲ ಇಬ್ಬರೂ ಬೆಚ್ಚಿಬಿದ್ದೆವು. ಮತ್ತೆ ಮತ್ತೆ ಕೇಳಿದ ಮೇಲೆ ಯಾವ ಚರಣಕ್ಕೆ ಸೀಟಿ ಬರುತ್ತದೆ ಎಂಬುದು ಬಾಯಿಪಾಠವಾಯಿತು, ಬೆಚ್ಚುವುದೂ ನಿಂತಿತು. ಪರಿಚಿತ ಹಾಡಿನಲ್ಲಿ ಮುಂದೇನು ಬರುತ್ತದೆ ಎಂಬುದು ಗೊತ್ತಿರುತ್ತದೆ. ಮುಂದಿನ ಗಳಿಗೆಯ ಖಾತರಿಯೇ ಇಲ್ಲದವರಿಗೆ ಅದು ಸಣ್ಣ ಆಸರೆಯಲ್ಲ.

ಹಾಗಾಗಿ ‘ಒತ್ತಡ ನಿವಾರಕ ಸಂಗೀತ’ ಎಂಬ ಸಿದ್ಧ ಪಟ್ಟಿಗಳನ್ನು ಕಳುಹಿಸಬೇಡಿ. ಅವನೇ ಆರಿಸಿಕೊಳ್ಳಲಿ. ಎದೆ ಡವಗುಟ್ಟುತ್ತಿರುವಾಗ ಏಕಾಏಕಿ ಜೋಗುಳ ಹಾಕಿದರೆ ಕಿರಿಕಿರಿಯೇ ಹೆಚ್ಚು. ಸಂಗೀತ ಚಿಕಿತ್ಸಕರು ಆ ಹೊತ್ತಿನ ಮನಸ್ಥಿತಿಗೆ ಒಗ್ಗುವ ಹಾಡಿನಿಂದ ಶುರುಮಾಡಿ, ಬರಬರುತ್ತಾ ಲಯ ಇಳಿಸುತ್ತಾರೆ. ನಾಲ್ಕೈದು ಹಾಡುಗಳನ್ನು ಆ ಕ್ರಮದಲ್ಲಿ ಜೋಡಿಸಿಕೊಂಡು, ಕೊನೆಯದಕ್ಕೆ ಉಸಿರನ್ನು ನಿಧಾನವಾಗಿ ಬಿಡುತ್ತಾ ಮಲಗಲಿ. ನಡುವೆ ಥಟ್ಟನೆ ನಗಾರಿ ಬಡಿಯುವ ಹಾಡುಗಳು ಬೇಡ. ಓದುವಾಗ ಸಾಹಿತ್ಯವಿಲ್ಲದ ವಾದ್ಯಸಂಗೀತವೇ ವಾಸಿ.

ಒಂದು ಮಾತನ್ನು ಮಾತ್ರ ಖಡಾಖಂಡಿತವಾಗಿ ಹೇಳಿಬಿಡಿ: ಸೈರನ್ ಮೊಳಗಿದರೆ ಮೊದಲು ಆಶ್ರಯತಾಣ, ಹಾಡು ಆಮೇಲೆ. ಹೊರಗಿನ ಸದ್ದನ್ನು ಅಡಗಿಸುವ ಹೆಡ್‌ಫೋನ್ ಅಲ್ಲಿ ಅಪಾಯ. ಒಂದು ಕಿವಿ ಸದಾ ತೆರೆದಿರಲಿ. ಹಾಡುಗಳನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಲಿ. 2022ರ ಅಕ್ಟೋಬರ್‌ನಿಂದ ವಿದ್ಯುತ್ ಜಾಲದ ಮೇಲೆಯೇ ದಾಳಿಗಳು ನಡೆದಿವೆ, ಕರೆಂಟನ್ನು ನಂಬಿ ಕೂರುವಂತಿಲ್ಲ.

ಸಾಧ್ಯವಾದಾಗ ನಾಲ್ಕು ಜನರೊಟ್ಟಿಗೆ ಕೇಳಲಿ. ನಾವು ಊರು ಬಿಟ್ಟ ಮೇಲೆ, 2022ರ ಮಾರ್ಚ್ 26ರಂದು, ಹಾರ್ಕಿವ್‌ನ ಮೆಟ್ರೊ ನಿಲ್ದಾಣವೊಂದರಲ್ಲಿ ಆಶ್ರಯ ಪಡೆದಿದ್ದವರ ನಡುವೆಯೇ ಸಂಗೀತಗಾರರು ಕಛೇರಿ ನಡೆಸಿದರು. ನಗರದ ಸಂಗೀತೋತ್ಸವ ಆರಂಭವಾಗಬೇಕಿದ್ದ ದಿನವದು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಬಾಖ್, ದ್ವೊರ್ಜಾಕ್ ಅವರ ಕೃತಿಗಳ ಜೊತೆಗೆ ಉಕ್ರೇನಿನ ಜನಪದ ಗೀತೆಗಳನ್ನೂ ನುಡಿಸಿದರು. ಆ ವಿಡಿಯೊ ನೋಡಿ ನಾನು ಬಹಳ ಹೊತ್ತು ಅತ್ತಿದ್ದೇನೆ. ಅಳು ಬಂದು ಮನಸ್ಸು ಹಗುರಾದರೆ ಒಳ್ಳೆಯದೇ. ದುಃಖದ ಹಾಡು ಕೇಳಿದಷ್ಟೂ ಅದೇ ಯೋಚನೆ ಸುತ್ತುತ್ತಿದ್ದರೆ ಮಾತ್ರ ಆ ಹಾಡನ್ನು ನಿಲ್ಲಿಸಬೇಕು.

ವಾರಗಟ್ಟಲೆ ನಿದ್ದೆಯಿಲ್ಲ, ಕಂಡದ್ದೇ ಮತ್ತೆ ಮತ್ತೆ ಕಣ್ಣಿಗೆ ಕಟ್ಟುತ್ತದೆ, ಬದುಕೇ ಬೇಡವೆನಿಸುತ್ತದೆ ಎಂದು ಅವನು ಹೇಳಿದರೆ ಹಾಡನ್ನು ನೆಚ್ಚಿ ಕೂರಬೇಡಿ, ತಡಮಾಡದೆ ಮನೋವೈದ್ಯರನ್ನು ಕಾಣಿಸಿ. ಇಲ್ಲಿ ನಿಮಗೂ ಅಪ್ಪ ಅಮ್ಮನಿಗೂ ಆತಂಕ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.