ಕಾಮತರ ಎಚ್ ಎಲ್ಲಿ ಹೋಯ್ತು?

ಪ್ರಶ್ನೆ: ಮಗ ಹೋದ ತಿಂಗಳು ಮಂಗಳೂರಲ್ಲಿ ಕೆಲ್ಸಕ್ಕೆ ಸೇರ್ದ. ಅಲ್ಲಿ ಕೊಟ್ಟ ಐಡಿ ಕಾರ್ಡಲ್ಲಿ ನಮ್ಮ ಕಾಮತ್ ಕೊನೆಗೆ ಇಂಗ್ಲಿಷಲ್ಲಿ ಒಂದು ಎಚ್ ಸೇರ್ಕೊಂಡಿದೆ. ಕೇಳಿದ್ರೆ "ಅದೇ ಸರಿ, ನಿಮ್ಮ ಕಾರವಾರದವ್ರೇ ಎಚ್ ನುಂಗಿದ್ದು" ಅಂತ ನಗ್ತಾರಂತೆ. ನಮ್ಮ ಮಾವನವರ ಮೆಟ್ರಿಕ್ ಸರ್ಟಿಫಿಕೇಟಲ್ಲೂ ಎಚ್ ಇಲ್ಲ. ಯಾರದ್ದು ತಪ್ಪು?
— ಒಬ್ಬ ತಾಯಿ, ಕೋಡಿಬಾಗ, ಕಾರವಾರ

ಉತ್ತರ: ಯಾರದ್ದೂ ಅಲ್ಲ ಅಕ್ಕ, ತಕರಾರು ಇರೋದು ಇಂಗ್ಲಿಷಿನ ಟಿ ಅಕ್ಷರದ್ದು. ನಮ್ಗೆ ತ ಬೇರೆ ಟ ಬೇರೆ, ಅವ್ರಿಗೆ ಇರೋದು ಒಂದೇ ಟಿ, ಹಾಗಾಗಿ ದಕ್ಷಿಣದವ್ರು ತ ಬಂದಲ್ಲೆಲ್ಲ ಟಿ ಪಕ್ಕ ಎಚ್ ಕೂರಿಸಿ ಗುರುತು ಮಾಡ್ಕೊಂಡ್ರು, ಮುಂಬೈ ಕಡೆಯವ್ರು ಬರೀ ಟಿ ಸಾಕು ಅಂದ್ರು. ಸವಿತಾ ಅನ್ನೋ ಹುಡುಗಿ ಬೆಂಗಳೂರಲ್ಲಾದ್ರೆ ಎಚ್ ಹಾಕ್ತಾಳೆ, ಪುಣೆಯಲ್ಲಾದ್ರೆ ಹಾಕಲ್ಲ. ಇನ್ನೊಂದು ಮಜಾ ನೋಡಿ, ಮಂಗಳೂರಿನ ಭಟ್ರು ಕೂಡ ಕೊನೆಗೆ ಎಚ್ ಹಚ್ಚಲ್ಲ, ಯಾಕಂದ್ರೆ ಅಲ್ಲಿರೋದು ಟ. ಹೆಚ್ಚಂದ್ರೆ ಟಿ ಒಂದೋ ಎರಡೋ ಅಂತ ಅವರವರಲ್ಲೇ ಚರ್ಚೆ.

ಹಾಗಾದ್ರೆ ಕಾರವಾರ ಮುಂಬೈ ಸಾಲಿಗೆ ಹೋಗಿದ್ದು ಹ್ಯಾಗೆ? ಮೊದ್ಲು ಕಾರವಾರ, ಮಂಗಳೂರು ಎರಡೂ ಸೇರಿದ ಕೆನರಾ ಬ್ರಿಟಿಷರ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿತ್ತು, 1862ರಲ್ಲಿ ಕಾರವಾರ ಇರೋ ಉತ್ತರದ ಭಾಗ ಬಾಂಬೆಗೆ ಸೇರ್ತು, ಮಂಗಳೂರು ಮದ್ರಾಸಲ್ಲೇ ಉಳೀತು, ಮತ್ತೆ ಎರಡೂ ಒಂದೇ ರಾಜ್ಯಕ್ಕೆ ಬಂದಿದ್ದು 1956ರಲ್ಲಿ. ಅಂದ್ರೆ 94 ವರ್ಷ ಇಲ್ಲಿ ಒಂದು ಸರ್ಕಾರದ ಗುಮಾಸ್ತರು ಹೆಸ್ರು ಬರೆದ್ರು, ಅಲ್ಲಿ ಇನ್ನೊಂದರವ್ರು. ನಿಮ್ಮ ಮಾವನವರ ಸರ್ಟಿಫಿಕೇಟಲ್ಲಿ ಎಚ್ ಇಲ್ಲದ್ದು ಅದಕ್ಕೇ ಅಂತ ನನ್ನ ಎಣಿಕೆ.

ನಿಮ್ಮೂರಿನ ಯಾವ್ದಾದ್ರೂ ಫರ್ನಾಂಡಿಸ್ ಮನೆಯ ಬೋರ್ಡ್ ನೋಡಿ, ಕೊನೇ ಅಕ್ಷರ ಎಸ್. ಅದು ಗೋವಾ ದಾಟಿ ಬಂದ ಪೋರ್ಚುಗೀಸ್ ರೂಪ, ಸ್ಪೇನಿನವ್ರು ಅದನ್ನೇ ಝಡ್‌ನಲ್ಲಿ ಮುಗಿಸ್ತಾರೆ, ಎರಡಕ್ಕೂ ಅರ್ಥ ಫರ್ನಾಂಡೋನ ಮಗ ಅಂತ. ಶಿರಸಿಯ ಹೆಗಡೆಯವ್ರ ಹೆಸ್ರು ಅಂತೂ ಇಂಗ್ಲಿಷ್ ಬರೋ ಎಷ್ಟೋ ಮೊದ್ಲೇ ಬದಲಾಗಿತ್ತು, ಶಾಸನದ ಪೆರ್ಗಡೆ ಹೆಗ್ಗಡೆ ಆಗಿ ಹೆಗಡೆ ಆಯ್ತು, ಪಾಲು ಹಾಲಾದ ಹಂಗೆ.

ಮಗನಿಗೆ ಹೇಳಿ, ನಗೋರು ನಗ್ಲಿ, ಐಡಿ ಕಾರ್ಡ್ ಹೇಗಿದ್ರೂ ನಡೀತದೆ, ಆದ್ರೆ ಪಿಎಫ್ ಖಾತೆಯಲ್ಲೂ ಆ ಎಚ್ ಹೋಗಿ ಕೂತಿದ್ಯಾ ಅಂತ ಇವತ್ತೇ ನೋಡ್ಲಿ. ಆಧಾರ್‌ಗೂ ಅದಕ್ಕೂ ಹೆಸ್ರು ತಾಳೆ ಆಗ್ದಿದ್ರೆ ಮುಂದೆ ದುಡ್ಡು ತೆಗೆಯುವಾಗ ಒಂದಕ್ಷರಕ್ಕೆ ಹತ್ತು ಸಲ ಓಡಾಡ್ಬೇಕಾಗ್ತದೆ.