ಟರ್ಬೊ ಕಾರಿಗೆ ಹೊರಗಿನವರು ಕೂಲಿಂಗ್ ಪಾರ್ಟ್ ಮಾಡುವುದು ಹೇಗೆ? ಕಾರು ಮಾಡಿದವರೇ ದೊಡ್ಡದು ಹಾಕಬಾರದೇ?

ನೀವು ಕೇಳಿರುವುದು ಎರಡು ಪ್ರಶ್ನೆ. ಹೋಂಡಾ ಸಿವಿಕ್ ಟೈಪ್ ಆರ್‌ನಂಥ ಕಾರಿಗೆ ಕಂಪನಿಯವರೇ ಯಾಕೆ ದೊಡ್ಡ ರೇಡಿಯೇಟರ್ (ಇಂಜಿನ್ ಸುತ್ತಿ ಬಂದ ಬಿಸಿ ದ್ರವವನ್ನು ತಣಿಸುವುದು), ದೊಡ್ಡ ಇಂಟರ್‌ಕೂಲರ್ (ಟರ್ಬೊ ಒತ್ತಿದ ಬಿಸಿ ಗಾಳಿಯನ್ನು ತಣಿಸುವುದು) ಹಾಕಿ ಕೊಡುವುದಿಲ್ಲ ಎಂಬುದು ಒಂದು. ಹೊರಗಿನ ಸಣ್ಣ ಕಂಪನಿಗಳು ಅವನ್ನು ಹೇಗೆ ತಯಾರಿಸುತ್ತವೆ, ಮೆಕ್ಯಾನಿಕಲ್ ಕೊನೆಯ ವರ್ಷದಲ್ಲಿರುವ ನೀವು ಎಲ್ಲಿಂದ ಶುರು ಮಾಡಬೇಕು ಎಂಬುದು ಇನ್ನೊಂದು. ನಾನು ಕ್ಯಾಲಿಫೋರ್ನಿಯಾದಲ್ಲಿ ಇಂಥದ್ದೇ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಈ ವಿಷಯ ನನಗೆ ತುಂಬಾ ಇಷ್ಟ. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ನೀವು ಹೇಳಿದ ಕಾರನ್ನೇ ಇಟ್ಟುಕೊಳ್ಳೋಣ. 2017ರಿಂದ 2021ರವರೆಗೆ ಬಂದ ಟೈಪ್ ಆರ್, ಅಂದರೆ ಎಫ್‌ಕೆ8 ಎಂಬ ತಲೆಮಾರು. ಎರಡು ಲೀಟರ್ ಟರ್ಬೊ ಇಂಜಿನ್ (ಹೊಗೆಯ ಬಲದಿಂದ ತಿರುಗುವ ಟರ್ಬೊ ಇಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುತ್ತದೆ), ಹೆಸರು ಕೆ20ಸಿ1. ಅಮೆರಿಕದಲ್ಲಿ 306 ಹಾರ್ಸ್‌ಪವರ್, 400 ನ್ಯೂಟನ್ ಮೀಟರ್ ಟಾರ್ಕ್. ಇಂಜಿನ್ ತಯಾರಾಗುತ್ತಿದ್ದದ್ದು ಅಮೆರಿಕದ ಒಹಾಯೊದಲ್ಲಿ, ಕಾರು ಜೋಡಣೆಯಾಗುತ್ತಿದ್ದದ್ದು ಇಂಗ್ಲೆಂಡಿನ ಸ್ವಿಂಡನ್‌ನಲ್ಲಿ. 2017ರಲ್ಲಿ ಈ ಕಾರು ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ಟ್ರ್ಯಾಕನ್ನು 7 ನಿಮಿಷ 43.8 ಸೆಕೆಂಡಿನಲ್ಲಿ ಸುತ್ತಿತು. ಮುಂದಿನ ಚಕ್ರ ಓಡಿಸುವ ಕಾರಿಗೆ ಅದು ದೊಡ್ಡ ಸಾಧನೆ.

ಆದರೆ ಅದು ಒಂದೇ ಸುತ್ತು. ಎಂಟು ನಿಮಿಷವೂ ಇಲ್ಲ. ಇಲ್ಲಿನ ಬಟನ್‌ವಿಲ್ಲೋ ಟ್ರ್ಯಾಕ್‌ನಲ್ಲಿ ಬೇಸಿಗೆಯಲ್ಲಿ 38-40 ಡಿಗ್ರಿ ಬಿಸಿಲಿರುತ್ತದೆ. ಆ ಬಿಸಿಲಲ್ಲಿ ಇಪ್ಪತ್ತು ನಿಮಿಷ ಬಿಡದೆ ಓಡಿಸುವುದು ಬೇರೆಯೇ ಪರೀಕ್ಷೆ. ಅಲ್ಲಿ ಕೂಲೆಂಟ್ (ಇಂಜಿನ್ ತಣಿಸುವ ದ್ರವ) ಬಿಸಿ ಏರುತ್ತಾ ಹೋಗುತ್ತದೆ ಎಂದು ಎಫ್‌ಕೆ8 ಮಾಲೀಕರು ಮೊದಲಿನಿಂದಲೂ ಹೇಳುತ್ತಿದ್ದರು. 2020ರ ಮಾಡೆಲ್‌ನಲ್ಲಿ ಹೋಂಡಾ ಮುಂದಿನ ಗ್ರಿಲ್ ಬಾಯನ್ನು 13 ಪ್ರತಿಶತ ದೊಡ್ಡದು ಮಾಡಿತು, ರೇಡಿಯೇಟರ್ ಫಿನ್‌ಗಳನ್ನೂ (ಗಾಳಿಗೆ ಶಾಖ ಬಿಡುವ ತೆಳು ತಗಡುಗಳು) ಬದಲಿಸಿತು. ಜೋರಾಗಿ ಓಡಿಸುವಾಗ ಕೂಲೆಂಟ್ 10 ಡಿಗ್ರಿವರೆಗೆ ತಣ್ಣಗಿರುತ್ತದೆ ಎಂದು ಕಂಪನಿಯೇ ಹೇಳಿತು. ಗಮನಿಸಿ, ಅವರು ಮೊದಲು ಕೈ ಹಾಕಿದ್ದು ಗಾಳಿ ಒಳಗೆ ಬರುವ ದಾರಿಗೆ.

ಕಾರು ಕಂಪನಿ ಯಾಕೆ ಮೊದಲೇ ದೊಡ್ಡದು ಹಾಕುವುದಿಲ್ಲ ಎಂಬುದಕ್ಕೆ ಉತ್ತರ ಸುಲಭ. ಅದೇ ಕಾರು ಚಳಿ ದೇಶದಲ್ಲೂ ಬೇಗ ಬಿಸಿಯಾಗಬೇಕು. ಮೈಲೇಜ್ ಕೊಡಬೇಕು. ಗುದ್ದಿದಾಗ ಬಂಪರ್ ಮಡಚಿಕೊಳ್ಳಲು ಜಾಗ ಬೇಕು. ಎದುರಿನ ಬಾಯಿ ದೊಡ್ಡದಾದಷ್ಟೂ ಗಾಳಿಯ ಎಳೆತ ಜಾಸ್ತಿ. ಕೊಳ್ಳುವವರಲ್ಲಿ ಹೆಚ್ಚಿನವರು ಟ್ರ್ಯಾಕ್‌ಗೆ ಹೋಗುವುದೇ ಇಲ್ಲ. ಹೋಗುವ ಕೆಲವರಿಗಾಗಿ ನಾವಿದ್ದೇವೆ.

ಇನ್ನು ಮುಖ್ಯ ಮಾತು. ಕೂಲಿಂಗ್ ಪಾರ್ಟ್ ಎಂದರೆ ಒಂದು ಪಾರ್ಟ್ ಅಲ್ಲ, ಒಂದರ ಹಿಂದೆ ಒಂದು ನಿಂತ ಸಾಲು. ಈ ಕಾರಿನ ಬಂಪರ್ ಹಿಂದೆ ಕೆಳಭಾಗದಲ್ಲಿ ಮೊದಲು ಇಂಟರ್‌ಕೂಲರ್ ಇದೆ. ಅದರ ಹಿಂದೆ ಎ.ಸಿ. ಕಂಡೆನ್ಸರ್, ಅದರ ಹಿಂದೆ ರೇಡಿಯೇಟರ್, ಆಮೇಲೆ ಫ್ಯಾನ್. ಎಲ್ಲಕ್ಕೂ ಗಾಳಿ ಒಂದೇ. ನಮ್ಮ ಕಡೆ ಕಾಲುವೆ ನೀರಿನ ಕಥೆ ಗೊತ್ತಲ್ವಾ, ಮೇಲಿನ ಗದ್ದೆಯವನು ಕಟ್ಟಿಕೊಂಡರೆ ಕೊನೆಯ ಗದ್ದೆಯವನಿಗೆ ಉಳಿದದ್ದೇ ಗತಿ. ರೇಡಿಯೇಟರ್ ಆ ಕೊನೆಯ ಗದ್ದೆ. ಅದಕ್ಕೆ ಬರುವ ಗಾಳಿ ಕಡಿಮೆಯಷ್ಟೇ ಅಲ್ಲ, ಬಿಸಿಯೂ ಆಗಿರುತ್ತದೆ.

ಎಷ್ಟು ಬಿಸಿ? ಲೆಕ್ಕ ಹಾಕೋಣ. ಹೊರಗೆ 35 ಡಿಗ್ರಿ ಇದೆ, ಟರ್ಬೊ ಗಾಳಿಯನ್ನು ಎರಡೂವರೆ ಪಟ್ಟು ಒತ್ತುತ್ತಿದೆ, ಕಂಪ್ರೆಸರ್ (ಟರ್ಬೊದಲ್ಲಿ ಗಾಳಿ ಒತ್ತುವ ಭಾಗ) ದಕ್ಷತೆ 70 ಪ್ರತಿಶತ ಎಂದುಕೊಳ್ಳಿ. ಹೊರಬರುವ ಗಾಳಿ 165 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅದನ್ನು ಇಂಟರ್‌ಕೂಲರ್ 70 ಡಿಗ್ರಿಗೆ ಇಳಿಸಿತು ಎನ್ನಿ. 300 ಹಾರ್ಸ್‌ಪವರ್‌ಗೆ ಬೇಕಾದ ಗಾಳಿಯ ಪ್ರಮಾಣದಲ್ಲಿ ಅದು 20 ಕಿಲೋವಾಟ್‌ಗಿಂತ ಜಾಸ್ತಿ ಶಾಖ. ಅಷ್ಟೂ ಹೋಗುವುದು ಹಿಂದಿರುವ ರೇಡಿಯೇಟರ್‌ನ ಮುಖಕ್ಕೆ. ಇನ್ನೂ ದೊಡ್ಡ, ದಪ್ಪ ಇಂಟರ್‌ಕೂಲರ್ ಹಾಕಿದರೆ ಇಂಜಿನ್ ಒಳಗೆ ಹೋಗುವ ಗಾಳಿ 50 ಡಿಗ್ರಿಗೆ ಇಳಿಯಬಹುದು. ಗಾಳಿಯ ಸಾಂದ್ರತೆ ಐದಾರು ಪ್ರತಿಶತ ಏರುತ್ತದೆ. ಡೈನೋ (ಕಾರನ್ನು ನಿಲ್ಲಿಸಿ ಪವರ್ ಅಳೆಯುವ ಯಂತ್ರ) ಮೇಲೆ ಗ್ರಾಫ್ ಚೆಂದ ಬರುತ್ತದೆ. ಆದರೆ ಟ್ರ್ಯಾಕ್‌ನಲ್ಲಿ ಅದೇ ಕಾರಿನ ಕೂಲೆಂಟ್ ಮೊದಲಿಗಿಂತ ಬೇಗ ಕುದಿಯುವ ಹಂತಕ್ಕೆ ಬರಬಹುದು. ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಬೂಸ್ಟ್, ಅಂದರೆ ಟರ್ಬೊ ಒತ್ತಡ ಇಳಿಸುತ್ತದೆ, ಇಗ್ನಿಷನ್ ಕಿಡಿಯನ್ನು ತಡ ಮಾಡುತ್ತದೆ, ಗಳಿಸಿದ ಪವರ್ ಎಲ್ಲಾ ಹೋಯಿತು. ಹಾಗಾಗಿ ಇಂಟರ್‌ಕೂಲರ್ ಮಾಡುವವರು ರೇಡಿಯೇಟರ್‌ಗೂ ಹೊಣೆ ಎಂಬುದು ನನ್ನ ಗಟ್ಟಿ ನಂಬಿಕೆ. ಬರೀ ಇಂಟರ್‌ಕೂಲರ್‌ನಿಂದ ಹೊರಬರುವ ಗಾಳಿಯ ತಾಪಮಾನ ತೋರಿಸಿ ಮಾರುವವರನ್ನು ಕೂಲೆಂಟ್ ಎಷ್ಟು ಏರಿತು ಎಂದು ಕೇಳಿ.

ಜಪಾನಿನ ಟ್ಯೂನರ್‌ಗಳು (ಕಾರು ಮಾರ್ಪಡಿಸುವವರು) ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಮಾಜ್ದಾ ಆರ್‌ಎಕ್ಸ್-7ಗೆ ಅವರು ಮಾಡಿದ 'ವಿ-ಮೌಂಟ್' ನೋಡಿ. ಇಂಟರ್‌ಕೂಲರ್ ಮತ್ತು ರೇಡಿಯೇಟರ್ ಎರಡನ್ನೂ ಓರೆಯಾಗಿ ವಿ ಆಕಾರದಲ್ಲಿ ಇಟ್ಟರು. ಎರಡಕ್ಕೂ ಹೊಸ ಗಾಳಿ ಸಿಗುತ್ತದೆ, ಒಂದರ ಎಂಜಲು ಇನ್ನೊಂದಕ್ಕಿಲ್ಲ. ನನ್ನ ಪ್ರಕಾರ ಈ ಕ್ಷೇತ್ರದಲ್ಲಿ ಬಂದ ಅತ್ಯಂತ ಸುಂದರ ಯೋಚನೆಗಳಲ್ಲಿ ಅದೊಂದು. ಅದೇ ಕಾರಿನ ಕೂಲೆಂಟ್‌ನಿಂದ ಗಾಳಿಗುಳ್ಳೆ ಬೇರ್ಪಡಿಸುವ ಸಣ್ಣ ಪ್ಲಾಸ್ಟಿಕ್ ಟ್ಯಾಂಕ್ ಹಳತಾದಂತೆ ಬಿರುಕು ಬಿಡುತ್ತಿತ್ತು. ಅದರ ಬದಲು ಬಂದ ಅಲ್ಯೂಮಿನಿಯಂ ಟ್ಯಾಂಕ್‌ಗಳಿಂದ ಒಂದು ಹಾರ್ಸ್‌ಪವರ್ ಕೂಡ ಏರುವುದಿಲ್ಲ. ಆದರೆ ಆ ಕಾರಿನ ರೋಟರಿ ಇಂಜಿನ್ (ಪಿಸ್ಟನ್ ಬದಲು ರೋಟರ್ ತಿರುಗುವಂಥದ್ದು) ಒಮ್ಮೆ ಕುದಿದರೆ ಮುಗಿಯಿತು. ಅಂಥ ಸಣ್ಣ ಪಾರ್ಟ್ ಮಾಡುವವರ ಮೇಲೆ ನನಗೆ ಗೌರವ ಜಾಸ್ತಿ.

ಈಗ ತಯಾರಿಯ ಕ್ರಮ. ಮೊದಲ ಕೆಲಸ ಅಳತೆ, ಅದೂ ಏನನ್ನೂ ಬದಲಿಸದ ಕಾರಿನಲ್ಲಿ. ಇಂಟರ್‌ಕೂಲರ್ ಒಳ ಹೊರ ಬಾಯಿಗಳಲ್ಲಿ, ರೇಡಿಯೇಟರ್ ಒಳ ಹೊರ ಬಾಯಿಗಳಲ್ಲಿ, ಇಂಜಿನ್ ಎಣ್ಣೆಯಲ್ಲಿ ಥರ್ಮೋಕಪಲ್ (ತಾಪಮಾನ ಅಳೆಯುವ ತಂತಿ). ಇಂಟರ್‌ಕೂಲರ್‌ನ ಎರಡೂ ಕಡೆ ಒತ್ತಡದ ಸೆನ್ಸರ್. ಇನ್ನೊಂದು ಜೋಡಿಯನ್ನು ಹೆಚ್ಚಿನವರು ಬಿಡುತ್ತಾರೆ: ರೇಡಿಯೇಟರ್‌ನ ಮುಂದೆ ಮತ್ತು ಹಿಂದೆ ಹೊರಗಾಳಿಯ ಒತ್ತಡ ಎಷ್ಟಿದೆ ಎಂದು ನೋಡುವ ಸಣ್ಣ ಟ್ಯೂಬ್‌ಗಳು. ಗಾಳಿ ಕೋರ್ (ಫಿನ್‌ಗಳಿರುವ ಮಧ್ಯದ ಭಾಗ) ಮೂಲಕ ಹೋಗುವುದು ಆ ಎರಡರ ವ್ಯತ್ಯಾಸದಿಂದ ಮಾತ್ರ. ಹಿಂದೆ ಒತ್ತಡ ಜಾಸ್ತಿ ಇದ್ದರೆ ಮುಂದೆ ಎಷ್ಟು ದೊಡ್ಡ ಬಾಯಿ ತೆರೆದರೂ ಲಾಭ ಕಡಿಮೆ.

ಎಫ್‌ಕೆ8ನ ಬಾನೆಟ್ ಮೇಲಿನ ಸ್ಕೂಪ್ ಗಾಳಿಯನ್ನು ಒಳಗೆ ಬಿಡುತ್ತದೆ. 2022ರಲ್ಲಿ ಬಂದ ಮುಂದಿನ ತಲೆಮಾರಿನ ಟೈಪ್ ಆರ್, ಎಫ್‌ಎಲ್5ನಲ್ಲಿ ಹೋಂಡಾ ಅದನ್ನು ತೆಗೆದು, ರೇಡಿಯೇಟರ್ ದಾಟಿ ಬಂದ ಬಿಸಿ ಗಾಳಿ ಹೊರಹೋಗಲು ಬಾನೆಟ್‌ನಲ್ಲಿ ಕಿಂಡಿ ಕೊಟ್ಟಿತು. ಗಾಳಿಯನ್ನು ಹೊರಗೆ ಕಳಿಸುವುದು ಎಷ್ಟು ಮುಖ್ಯ ಎಂಬುದು ಅಲ್ಲೇ ಕಾಣುತ್ತದೆ. ಅಂದಹಾಗೆ, ಬಾನೆಟ್‌ನ ಹಿಂದಿನ ಅಂಚಿಗೆ ವಾಷರ್ ಕೊಟ್ಟು ಎತ್ತುವವರನ್ನು ನೀವು ನೋಡಿರಬಹುದು. ವೇಗದಲ್ಲಿ ವಿಂಡ್‌ಶೀಲ್ಡ್ ಬುಡದಲ್ಲಿ ಒತ್ತಡ ಜಾಸ್ತಿ ಇರುತ್ತದೆ. ಬಿಸಿ ಗಾಳಿ ಹೊರಬರುವ ಬದಲು ಅಲ್ಲಿಂದ ಗಾಳಿ ಒಳಗೇ ಹೋಗಬಹುದು. ಕಿಂಡಿ ಬಾನೆಟ್‌ನ ಮುಂಭಾಗದಲ್ಲಿ, ಒತ್ತಡ ಕಡಿಮೆ ಇರುವ ಕಡೆ ಇರಬೇಕು.

ಅಂಕಿಗಳನ್ನು ಓದುವ ರೀತಿಯೂ ಒಂದಿದೆ. 'ಕೂಲೆಂಟ್ 100 ಡಿಗ್ರಿ ಇತ್ತು' ಎಂಬ ಮಾತಿಗೆ ಬೆಲೆ ಇಲ್ಲ. ಹೊರಗಿನ ತಾಪಮಾನಕ್ಕಿಂತ ಎಷ್ಟು ಮೇಲೆ ಇತ್ತು ಎಂದು ಹೇಳಬೇಕು. ಥರ್ಮೋಸ್ಟಾಟ್ (ಬಿಸಿಯಾದಾಗ ಕೂಲೆಂಟನ್ನು ರೇಡಿಯೇಟರ್‌ಗೆ ಬಿಡುವ ವಾಲ್ವ್) ಪೂರ್ತಿ ತೆರೆದ ಮೇಲೆ ಕೂಲೆಂಟ್ ಹೆಚ್ಚುಕಡಿಮೆ ಹೊರಗಿನ ಬಿಸಿಯ ಜೊತೆಗೇ ಏರುತ್ತದೆ. 25 ಡಿಗ್ರಿ ದಿನದಲ್ಲಿ 100 ಇದ್ದ ಕಾರು 40 ಡಿಗ್ರಿ ದಿನದಲ್ಲಿ 115ಕ್ಕೆ ಬರುತ್ತದೆ. ಚಳಿಗಾಲದ ಪರೀಕ್ಷೆಯನ್ನೂ ಹೀಗೆ ಬೇಸಿಗೆಗೆ ಹೊಂದಿಸಬಹುದು. ಇದು ತಿಳಿದರೆ ಇನ್ನೊಂದು ತಪ್ಪು ತಿಳುವಳಿಕೆಯೂ ಹೋಗುತ್ತದೆ. ಬೇಗ ತೆರೆಯುವ ಥರ್ಮೋಸ್ಟಾಟ್ ಹಾಕಿದರೆ ರೇಡಿಯೇಟರ್ ಶಕ್ತಿ ಹೆಚ್ಚುವುದಿಲ್ಲ. ಬಿಸಿ ಏರುವುದು ಸ್ವಲ್ಪ ಕೆಳಗಿಂದ ಶುರುವಾಗುತ್ತದೆ, ಅಷ್ಟೇ. ಕೊನೆಗೆ ನಿಲ್ಲುವುದು ಮೊದಲಿನಷ್ಟೇ ಬಿಸಿಯಲ್ಲಿ.

ಅಳತೆ ಆದಮೇಲೆ ನಾನು ಮೊದಲು ಮಾಡುವುದು ಸಂದು ಮುಚ್ಚುವ ಕೆಲಸ. ಗಾಳಿ ಸುಲಭದ ದಾರಿ ಹುಡುಕುತ್ತದೆ. ಕೋರ್ ಸುತ್ತ ಬೆರಳು ಹೋಗುವಷ್ಟು ಜಾಗ ಇದ್ದರೆ ಫಿನ್‌ಗಳನ್ನು ಬಿಟ್ಟು ಅಲ್ಲಿಂದಲೇ ಹೋಗುತ್ತದೆ. ಫೋಮ್ ಪಟ್ಟಿ, ತೆಳು ಅಲ್ಯೂಮಿನಿಯಂ ತಗಡು, ನಾಲ್ಕು ಕ್ಲಿಪ್. ಖರ್ಚು ಕಡಿಮೆ, ಲಾಭ ಜಾಸ್ತಿ. ದುಬಾರಿ ರೇಡಿಯೇಟರ್ ಮಾರುವವರು ಇದನ್ನು ಮೊದಲು ಹೇಳಬೇಕು ಎಂದು ನನಗೆ ಮನಸಾರೆ ಅನಿಸುತ್ತದೆ.

ಆಮೇಲೆ ಕೋರ್ ಆಯ್ಕೆ. ಇಂಟರ್‌ಕೂಲರ್‌ನಲ್ಲಿ ಎರಡು ಜಾತಿ: ಟ್ಯೂಬ್ ಆ್ಯಂಡ್ ಫಿನ್ (ತೆಳು ಕೊಳವೆಗಳ ನಡುವೆ ಫಿನ್), ಬಾರ್ ಆ್ಯಂಡ್ ಪ್ಲೇಟ್ (ಪಟ್ಟಿ, ತಗಡುಗಳನ್ನು ಪದರವಾಗಿ ಜೋಡಿಸಿದ್ದು). ಎರಡನೆಯದು ಗಟ್ಟಿ, ಭಾರ, ಒಮ್ಮೆಲೇ ಬಂದ ಶಾಖವನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಡ್ರ್ಯಾಗ್ ಓಟಕ್ಕೆ ಒಳ್ಳೆಯದು. ಆದರೆ ಹಿಂದಿನ ರೇಡಿಯೇಟರ್‌ಗೆ ಗಾಳಿ ಬಿಡುವುದರಲ್ಲಿ ಸ್ವಲ್ಪ ಜಿಪುಣ, ಮತ್ತೆ ತಣ್ಣಗಾಗಲು ಹೊತ್ತು ಬೇಕು. ಟ್ರ್ಯಾಕ್ ಕಾರಿಗೆ ಬರೀ ದಪ್ಪ ನೋಡಿ ಆರಿಸಬಾರದು. ಒಳಗಿನ ಒತ್ತಡದ ನಷ್ಟವನ್ನೂ ನೋಡಬೇಕು. ಎರಡೂವರೆ ಬಾರ್‌ನಲ್ಲಿ 0.1 ಬಾರ್ ಕಳೆದುಕೊಂಡರೆ 4 ಪ್ರತಿಶತ ಹೋಯಿತು. ಅದನ್ನು ತುಂಬಲು ಟರ್ಬೊ ಇನ್ನೂ ಜೋರಾಗಿ ತಿರುಗಿ ಇನ್ನೂ ಬಿಸಿ ಗಾಳಿ ಕೊಡುತ್ತದೆ. ರೇಡಿಯೇಟರ್‌ಗೂ ಇದೇ ಮಾತು. ತುಂಬಾ ದಪ್ಪ, ಒತ್ತೊತ್ತಾದ ಫಿನ್ ಇದ್ದರೆ ವೇಗದಲ್ಲಿ ಪರವಾಗಿಲ್ಲ, ನಿಧಾನದ ತಿರುವುಗಳಲ್ಲಿ ಫ್ಯಾನ್ ಗಾಳಿ ಎಳೆಯಲಾರದೆ ಒದ್ದಾಡುತ್ತದೆ.

ವಿನ್ಯಾಸಕ್ಕೆ ಕಾರಿನ ಮೂತಿಯನ್ನು 3ಡಿ ಸ್ಕ್ಯಾನ್ ಮಾಡುತ್ತೇವೆ. ಎಂಡ್ ಟ್ಯಾಂಕ್‌ಗಳನ್ನು (ಕೋರ್‌ನ ಎರಡು ತುದಿಗಳ ಡಬ್ಬಿಗಳು) ಪ್ಲಾಸ್ಟಿಕ್‌ನಲ್ಲಿ ಪ್ರಿಂಟ್ ಮಾಡಿ ಕೂರಿಸಿ ನೋಡುತ್ತೇವೆ. ಸರಿ ಬಂದರೆ ಅಲ್ಯೂಮಿನಿಯಂನಲ್ಲಿ ಮಾಡಿ ಟಿಗ್ ವೆಲ್ಡ್. ಆಮೇಲೆ ಒಳಗೆ ಗಾಳಿ ತುಂಬಿ ನೀರಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೆಯೇ ಎಂದು ನೋಡುವುದು. ಒಂದು ಕಾರಿಗೆ ಕೂತದ್ದು ಇನ್ನೊಂದಕ್ಕೆ ಕೂರದಿರಬಹುದು, ಒಂದೇ ಮಾಡೆಲ್‌ನ ಕಾರುಗಳಲ್ಲೂ ಕೆಲವು ಮಿಲಿಮೀಟರ್ ಆಚೀಚೆ ಇರುತ್ತದೆ. ಬಲಗೈ ಸ್ಟೀರಿಂಗ್ ಕಾರಿನಲ್ಲಿ ಪೈಪ್ ದಾರಿಯೇ ಬೇರೆ ಇರಬಹುದು. ರಬ್ಬರ್ ಬುಷ್ ಬಿಟ್ಟು ಬೋಲ್ಟ್‌ನಿಂದ ಬಿಗಿದ ಅಲ್ಯೂಮಿನಿಯಂ ರೇಡಿಯೇಟರ್ ಅದುರಾಟಕ್ಕೆ ವೆಲ್ಡ್ ಬಳಿ ಬಿರುಕು ಬಿಡುತ್ತದೆ.

ಪವರ್ ಹೆಚ್ಚಿಸುವ ಪಾರ್ಟ್‌ಗಳ ಬಗ್ಗೆ ನಾನು ಕಡಿಮೆ ಹೇಳುತ್ತೇನೆ. ಇನ್‌ಟೇಕ್ (ಗಾಳಿ ಒಳಬರುವ ಪೈಪ್), ಡೌನ್‌ಪೈಪ್ (ಟರ್ಬೊ ನಂತರದ ಹೊಗೆ ಪೈಪ್), ಟ್ಯೂನ್ (ಇಸಿಯು ಸಾಫ್ಟ್‌ವೇರ್ ಬದಲಾವಣೆ) ಸೇರಿ 306 ಇದ್ದದ್ದು 350 ಆಯಿತು ಎಂದರೆ ಹೊರಹಾಕಬೇಕಾದ ಶಾಖವೂ ಸುಮಾರು 14 ಪ್ರತಿಶತ ಏರಿತು. ಈ ಇಂಜಿನ್‌ನಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳ ಹೊಗೆ ಕೂಡಿಸುವ ಭಾಗ) ಸಿಲಿಂಡರ್ ಹೆಡ್‌ನಲ್ಲೇ ಇದೆ, ಸುತ್ತಲೂ ಕೂಲೆಂಟ್ ಹರಿಯುತ್ತದೆ. ಹಾಗಾಗಿ ಹೊಗೆಯ ಬಿಸಿಯಲ್ಲೂ ಒಂದು ಪಾಲು ರೇಡಿಯೇಟರ್‌ಗೇ ಬರುತ್ತದೆ. ಕೂಲಿಂಗ್ ಮೊದಲು, ಪವರ್ ಆಮೇಲೆ. ಆಯಿಲ್ ಕೂಲರ್ ಹಾಕುವುದಾದರೆ ಥರ್ಮೋಸ್ಟಾಟ್ ಇರುವುದನ್ನೇ ಹಾಕಿ. ಇಲ್ಲದಿದ್ದರೆ ತಂಪು ದಿನಗಳಲ್ಲಿ ಎಣ್ಣೆ ಬಿಸಿಯಾಗುವುದೇ ಇಲ್ಲ, ಅದರಲ್ಲಿ ಸೇರಿದ ನೀರಿನಂಶ ಆವಿಯಾಗದೆ ಉಳಿಯುತ್ತದೆ.

ಕಾನೂನು ಕೂಡ ವಿನ್ಯಾಸದ ಭಾಗ. ಕ್ಯಾಲಿಫೋರ್ನಿಯಾದಲ್ಲಿ ಹೊಗೆಯ ಮೇಲೆ ಪರಿಣಾಮ ಬೀರುವ ಪಾರ್ಟ್‌ಗಳನ್ನು ರಸ್ತೆ ಕಾರಿಗೆ ಮಾರಲು ರಾಜ್ಯದ ವಾಯು ಮಂಡಳಿಯ ಅನುಮತಿ ಸಂಖ್ಯೆ ಬೇಕು. ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷ ಕಡಿಮೆ ಮಾಡುವ ಭಾಗ) ತೆಗೆಯುವುದು ಅಮೆರಿಕದಲ್ಲಿ ಎಲ್ಲೂ ರಸ್ತೆ ಕಾರಿಗೆ ಸಲ್ಲದು. ನಮ್ಮ ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಮಾರಾಟದ ಯೋಚನೆ ಇದ್ದರೆ ಒಬ್ಬ ವಕೀಲರನ್ನು ಮೊದಲೇ ಕೇಳಿ.

ನೀವು ಶುರು ಮಾಡಲು ಟೈಪ್ ಆರ್ ಬೇಕಿಲ್ಲ, ಅದು ನಮ್ಮಲ್ಲಿ ಮಾರಾಟಕ್ಕೂ ಇಲ್ಲ. ಮನೆಯಲ್ಲೋ ಗೆಳೆಯರಲ್ಲೋ ಇರುವ ಯಾವುದಾದರೂ ಟರ್ಬೊ ಕಾರು ಸಾಕು. ಕೆಲವು ಥರ್ಮೋಕಪಲ್, ಒಂದು ಲಾಗರ್ (ಅಂಕಿಗಳನ್ನು ದಾಖಲಿಸುವುದು), ಒಂದು ಓಬಿಡಿ ರೀಡರ್ (ಕಾರಿನ ಕಂಪ್ಯೂಟರ್ ಮಾಹಿತಿ ಓದುವುದು) ತಗೊಳ್ಳಿ. ಒಂದೇ ಘಾಟಿಯನ್ನು ಒಂದೇ ವೇಗದಲ್ಲಿ, ರಸ್ತೆ ನಿಯಮದೊಳಗೇ ಹತ್ತಿ, ಬೇರೆ ಬೇರೆ ಬಿಸಿಲಿನ ದಿನಗಳಲ್ಲಿ. ಹೊರಗಿನ ತಾಪಮಾನ ಪ್ರತಿ ಸಲವೂ ಬರೆದುಕೊಳ್ಳಿ. ಪ್ರಾಜೆಕ್ಟ್‌ಗೆ ಎಂಡ್ ಟ್ಯಾಂಕ್ ವೆಲ್ಡಿಂಗ್ ಬೇಕಾದರೆ ಪೀಣ್ಯದಲ್ಲಿ ಅಲ್ಯೂಮಿನಿಯಂ ಟಿಗ್ ಮಾಡುವ ವರ್ಕ್‌ಶಾಪ್‌ಗಳಲ್ಲಿ ವಿಚಾರಿಸಿ, ಆದರೆ ಆ ಹಂತಕ್ಕೆ ಅವಸರ ಬೇಡ. ಮೊದಲು ಡೇಟಾ ಇಲ್ಲಿ ಹಾಕಿ, ಕಾರು ಯಾವುದು, ಸೆನ್ಸರ್ ಎಲ್ಲಿಟ್ಟಿದ್ದೀರಿ ಎಂದು ಬರೆಯಿರಿ. ಗ್ರಾಫ್ ನೋಡಿ ಗಾಳಿ ಎಲ್ಲಿ ಸೋರುತ್ತಿರಬಹುದು ಎಂದು ಖಂಡಿತ ಹೇಳುತ್ತೇನೆ.